ಫೋನೇ ಓದಿ ಹೇಳುತ್ತದೆ ಅಂದಮೇಲೆ ಬ್ರೈಲ್ ಯಾಕೆ? ನಾಲ್ಕು ಲಕ್ಷದ ಯಂತ್ರ ಬೇಕೇ, ಸಾಮಾನ್ಯ ಲ್ಯಾಪ್‌ಟಾಪ್ ಸಾಕೇ?

ಕಣ್ಣು ಕಾಣದವರ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಥರದ ಸಂದೇಶಗಳು ಓಡಾಡುತ್ತವೆ. ಒಂದು, "ಈಗಿನ ಮೊಬೈಲ್ ತಾನೇ ಎಲ್ಲವನ್ನೂ ಓದಿ ಹೇಳುತ್ತದೆ, ಇನ್ನು ಬ್ರೈಲ್ ಲಿಪಿ ಕಲಿಯುವ ಕಷ್ಟ ಯಾರಿಗೂ ಬೇಕಿಲ್ಲ" ಎನ್ನುವುದು. ಇನ್ನೊಂದು, ಚುಕ್ಕೆಗಳು ಏಳುವ ಬೀಳುವ ಯಂತ್ರದ ಮೇಲೆ ಮಗುವೊಂದು ಬೆರಳಾಡಿಸುವ ವಿಡಿಯೊ. ಕೆಳಗೆ "ಇಂಥದ್ದೊಂದು ಯಂತ್ರವಿದ್ದರೆ ಅಂಧ ಮಕ್ಕಳ ಬದುಕೇ ಬದಲಾಗುತ್ತದೆ, ಕೈಲಾದಷ್ಟು ಸಹಾಯ ಮಾಡಿ" ಎಂಬ ಬರಹ. ಎರಡನ್ನೂ ಒಂದೇ ಗುಂಪಿನಲ್ಲಿ, ಒಂದೇ ವಾರದಲ್ಲಿ ನಾವು ನೋಡಿದ್ದೇವೆ. ಎರಡಕ್ಕೂ ಕೈಮುಗಿದ ಇಮೋಜಿಗಳು ಬಿದ್ದಿದ್ದವು.

ಕೊಟ್ಟೂರು ಕಡೆಯ ಓದುಗರೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆ ಇದೇ ಗೊಂದಲದ್ದು. ಅವರ ಹಳೆ ವಿದ್ಯಾರ್ಥಿಗಳ ಗುಂಪು ಒಂದಿಷ್ಟು ದುಡ್ಡು ಕೂಡಿಸಿದೆ. ಹುಟ್ಟಿನಿಂದ ದೃಷ್ಟಿ ಇಲ್ಲದ, ಪ್ರಾಥಮಿಕ ಶಾಲೆಯಲ್ಲಿ ಓದುತ್ತಿರುವ ಹುಡುಗಿಗೆ ಏನಾದರೂ ಕೊಡಿಸಬೇಕೆಂದಿದೆ. ಬ್ರೈಲ್ ನೋಟ್‌ಟೇಕರ್ ಕೊಡಿಸೋಣವೆಂದು ಕೆಲವರು, ಲ್ಯಾಪ್‌ಟಾಪ್ ಸಾಕೆಂದು ಕೆಲವರು, ಫೋನೇ ಸಾಕು ಉಳಿದ ದುಡ್ಡನ್ನು ಶಾಲೆಯ ಕಾಂಪೌಂಡಿಗೆ ಹಾಕೋಣವೆಂದು ಇನ್ನು ಕೆಲವರು. ಯಾರ ಮಾತು ಸರಿ?

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕು. ಇಲ್ಲಿನ ಹಳ್ಳಿಗಳಲ್ಲಿ ಕಣ್ಣಿಲ್ಲದ ಮಗು ಹುಟ್ಟಿದರೆ ಹಿರಿಯರಿಗೆ ಇವತ್ತಿಗೂ ಮೊದಲು ನೆನಪಾಗುವುದು ತುಂಗಭದ್ರೆಯ ಆಚೆ ದಡದ ಗದಗ, ಅಲ್ಲಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೂ ಅದನ್ನು ನಡೆಸಿದರು. ಇಬ್ಬರಿಗೂ ದೃಷ್ಟಿ ಇರಲಿಲ್ಲ. ಸಂಗೀತವನ್ನು ಗುರುಮುಖದಿಂದ, ಕಿವಿಯಿಂದ ಕಲಿಯಬಹುದು ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಕೊಟ್ಟೂರಿನ ಆ ಹುಡುಗಿ ಗಣಿತ ಕಲಿಯಬೇಕು, ಎಸ್ಸೆಸ್ಸೆಲ್ಸಿ ಬರೆಯಬೇಕು, ನಾಳೆ ಬ್ಯಾಂಕಿನಲ್ಲೋ ಕಚೇರಿಯಲ್ಲೋ ಕೆಲಸ ಮಾಡಬೇಕು ಅಂದರೆ ಅಕ್ಷರ ಬೇಕು. ಯಂತ್ರಗಳ ಜಗಳ ಶುರುವಾಗುವುದೇ ಇಲ್ಲಿಂದ.

ಬ್ರೈಲ್ ಅಂದರೆ ಏನು, ನೋಟ್‌ಟೇಕರ್ ಅಂದರೆ ಏನು?

ಬ್ರೈಲ್ ಒಂದು ಭಾಷೆ ಎಂದು ತುಂಬ ಜನ ತಿಳಿದಿದ್ದಾರೆ. ಅದು ಲಿಪಿ. ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ್ದು. ಒಂದು ಮನೆಯಲ್ಲಿ ಆರು ಚುಕ್ಕೆ: ಎಡಗಡೆ ಮೇಲಿನಿಂದ ಕೆಳಗೆ 1, 2, 3, ಬಲಗಡೆ 4, 5, 6. ಯಾವ ಚುಕ್ಕೆ ಎದ್ದಿದೆ, ಯಾವುದು ಇಲ್ಲ ಎನ್ನುವುದರ ಮೇಲೆ 63 ಗುರುತುಗಳಾಗುತ್ತವೆ. ಭಾರತದ ಎಲ್ಲ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಜಾರಿಗೆ ಬಂತು. ಅದರಲ್ಲಿ 'ಕ' ಅಂದರೆ 1 ಮತ್ತು 3ನೇ ಚುಕ್ಕೆ. ಕನ್ನಡದಲ್ಲೂ ಅದೇ, ತೆಲುಗಿನಲ್ಲೂ ಅದೇ, ಹಿಂದಿಯಲ್ಲೂ ಅದೇ. ಗಡಿ ದಾಟಿ ಆಂಧ್ರದ ರಾಯದುರ್ಗಕ್ಕೆ ಹೋದರೆ ಅಂಗಡಿ ಬೋರ್ಡಿನ ಅಕ್ಷರ ಬದಲಾಗುತ್ತದೆ, ಬ್ರೈಲಿನ 'ಕ' ಹಾಗೇ ಇರುತ್ತದೆ.

ಒತ್ತಕ್ಷರ ಕೆಳಗೆ ನೇತಾಡುವ ತಾಪತ್ರಯ ಬ್ರೈಲಿನಲ್ಲಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತದೆ. 'ಕನ್ನಡ' ಎಂದು ಬರೆಯಲು ಐದು ಮನೆ ಬೇಕು: ಕ, ಆಮೇಲೆ ಅರ್ಧಾಕ್ಷರದ ಗುರುತಾಗಿ 4ನೇ ಚುಕ್ಕೆ, ನ, ಇನ್ನೊಂದು ನ, ಕೊನೆಗೆ ಡ. ಶಾಲೆಯಲ್ಲಿ ಇದನ್ನು ಬರೆಯುವುದು ಬ್ರೈಲ್ ಸ್ಲೇಟು ಮತ್ತು ಮೊಳೆಯಂಥ ಸ್ಟೈಲಸ್‌ನಿಂದ. ದಪ್ಪ ಕಾಗದವನ್ನು ಹಿಂದಿನಿಂದ ಚುಚ್ಚಬೇಕಾದ್ದರಿಂದ ಬಲದಿಂದ ಎಡಕ್ಕೆ, ಅಕ್ಷರವನ್ನು ತಿರುವುಮುರುವು ಮಾಡಿ ಬರೆಯುತ್ತಾರೆ. ಕಾಗದ ಮಗುಚಿದರೆ ಎಡದಿಂದ ಬಲಕ್ಕೆ ಓದಬಹುದು. ಕೇಳಿದರೆ ತಲೆ ತಿರುಗುತ್ತದೆ. ಚಿಕ್ಕ ಮಕ್ಕಳು ಆಟದಂತೆ ಕಲಿತುಬಿಡುತ್ತಾರೆ.

ಈ ಸ್ಲೇಟಿನ ವಿದ್ಯುತ್ ರೂಪವೇ ನೋಟ್‌ಟೇಕರ್ ಎನ್ನಬಹುದು. ಪರದೆ ಇಲ್ಲದ, ದಪ್ಪ ಪುಸ್ತಕದಷ್ಟು ದೊಡ್ಡ ಕಂಪ್ಯೂಟರ್. ಬರೆಯಲು ಚುಕ್ಕೆಗೊಂದರಂತೆ ಕೀಲಿಗಳು. ಕೆಳಗಡೆ ಒಂದೇ ಒಂದು ಸಾಲು, ಅದರಲ್ಲಿ ಪ್ಲಾಸ್ಟಿಕ್ ಚುಕ್ಕೆಗಳು ಎದ್ದು ಬಿದ್ದು ಅಕ್ಷರವಾಗುತ್ತವೆ. ಬೆರಳು ಸಾಲಿನ ಕೊನೆ ಮುಟ್ಟಿದ ಕೂಡಲೇ ಗುಂಡಿ ಒತ್ತಿದರೆ ಮುಂದಿನ ಸಾಲು ಏಳುತ್ತದೆ. ಅಮೆರಿಕದ ಡೀನ್ ಬ್ಲೇಜಿ 1987ರಲ್ಲಿ ತಂದ 'ಬ್ರೈಲ್ ಎನ್ ಸ್ಪೀಕ್' ಈ ಜಾತಿಯ ಮೊದಲಿಗರಲ್ಲೊಂದು. ಅದರಲ್ಲಿ ಚುಕ್ಕೆಯ ಸಾಲೂ ಇರಲಿಲ್ಲ. ಬ್ರೈಲಿನಲ್ಲಿ ಬರೆದರೆ ಬಾಯಿಬಿಟ್ಟು ಓದುತ್ತಿತ್ತು. 2000ದಲ್ಲಿ 'ಬ್ರೈಲ್‌ನೋಟ್' ಬಂತು. ಆಗಿನ ಕಾಲಕ್ಕೆ ಇಂಥ ಪ್ರತ್ಯೇಕ ಯಂತ್ರ ಬೇಕೇ ಬೇಕಿತ್ತು, ಯಾಕೆಂದರೆ ಮಾಮೂಲಿ ಕಂಪ್ಯೂಟರು ದೃಷ್ಟಿ ಇಲ್ಲದವರಿಗೆ ಸುಲಭವಾಗಿ ಒಗ್ಗುತ್ತಿರಲಿಲ್ಲ.

ಆಮೇಲೆ ಮಾಮೂಲಿ ಕಂಪ್ಯೂಟರೇ ಬದಲಾಯಿತು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. 'ಜಾಸ್' 1989ರಷ್ಟು ಹಳೆಯದು, ದುಬಾರಿ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ದೃಷ್ಟಿ ಇಲ್ಲದ ಯುವಕರು, ಮೈಕೆಲ್ ಕರ‍್ರನ್ ಮತ್ತು ಜೇಮ್ಸ್ ಟೆಹ್, 'ಎನ್‌ವಿಡಿಎ' ಎಂಬ ಸ್ಕ್ರೀನ್ ರೀಡರ್ ಶುರುಮಾಡಿ ಅದನ್ನು ಪುಕ್ಕಟೆ ಕೊಟ್ಟರು. ಇವತ್ತಿಗೂ ಅದು ಪುಕ್ಕಟೆ. 2009ರಲ್ಲಿ ಐಫೋನಿಗೆ 'ವಾಯ್ಸ್‌ಓವರ್', ಆಂಡ್ರಾಯ್ಡ್‌ಗೆ 'ಟಾಕ್‌ಬ್ಯಾಕ್' ಬಂದವು. ನಿಮ್ಮ ಕೈಯಲ್ಲಿರುವ ಫೋನಿನಲ್ಲೂ ಟಾಕ್‌ಬ್ಯಾಕ್ ಇದೆ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನಲ್ಲಿ ಅದರ ಶಾರ್ಟ್‌ಕಟ್ ಆನ್ ಮಾಡಿಟ್ಟರೆ ಎರಡೂ ವಾಲ್ಯೂಮ್ ಗುಂಡಿಗಳನ್ನು ಮೂರು ಸೆಕೆಂಡು ಒಟ್ಟಿಗೆ ಒತ್ತಿ ಶುರುಮಾಡಬಹುದು. ಆಫ್ ಮಾಡುವುದೂ ಹಾಗೆಯೇ. ಗೊತ್ತಿಲ್ಲದೆ ಆನ್ ಮಾಡಿಕೊಂಡು ಫೋನ್ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಓಡುವವರೂ ಇದ್ದಾರೆ, ಆದ್ದರಿಂದ ಹೇಳಿದೆವು.

ನಾಲ್ಕು ಲಕ್ಷ ಯಾಕೆ?

ವಿದೇಶದ ಹೆಸರಾಂತ ನೋಟ್‌ಟೇಕರ್‌ಗಳ ಬೆಲೆ ಐದು ಸಾವಿರ ಡಾಲರ್ ಆಸುಪಾಸು, ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿಗೂ ಮೇಲೆ. ಅಂಧರ ಹೆಸರಿನಲ್ಲಿ ಕಂಪನಿಗಳು ಸುಲಿಗೆ ಮಾಡುತ್ತಿವೆ ಎಂದು ತೀರ್ಮಾನಿಸುವ ಮುಂಚೆ ಆ ಚುಕ್ಕೆ ಹೇಗೆ ಏಳುತ್ತದೆ ನೋಡಿ. ಬಹುತೇಕ ಯಂತ್ರಗಳಲ್ಲಿ ಪ್ರತಿ ಚುಕ್ಕೆಯ ಕೆಳಗೆ ಒಂದೊಂದು ತೆಳ್ಳನೆಯ ಪಟ್ಟಿ ಇರುತ್ತದೆ. ವಿದ್ಯುತ್ ಹರಿಸಿದರೆ ಬಾಗುವ ಸೆರಾಮಿಕ್‌ನಿಂದ ಅದನ್ನು ಮಾಡಿರುತ್ತಾರೆ. ಪಟ್ಟಿ ಬಾಗಿದರೆ ಚುಕ್ಕೆ ಏಳುತ್ತದೆ. ಕಂಪ್ಯೂಟರಿಗಾಗಿ ಒಂದು ಮನೆಗೆ ಆರರ ಬದಲು ಎಂಟು ಚುಕ್ಕೆ ಇಡುತ್ತಾರೆ. 32 ಮನೆಯ ಒಂದು ಸಾಲಿಗೆ 256 ಪಟ್ಟಿ. ಒಂದೊಂದೂ ಬೆರಳಿನ ಒತ್ತಡ ತಡೆಯಬೇಕು, ದಿನಕ್ಕೆ ಸಾವಿರಾರು ಸಲ ಏಳಬೇಕು, ಸದ್ದಾಗಬಾರದು. ಫೋನಿನ ಪರದೆಯಂತೆ ಕೋಟಿಗಟ್ಟಲೆ ಮಾರುವ ವಸ್ತುವಲ್ಲವಾದ್ದರಿಂದ ತಯಾರಿಕೆಯ ಖರ್ಚು ಇಳಿಯುವುದಿಲ್ಲ. ಹಾಗಾಗಿ ದುಡ್ಡು ಹೋಗುವುದು ಮುಖ್ಯವಾಗಿ ಈ ಚುಕ್ಕೆಗಳಿಗೆ. ಒಳಗಿರುವ ಕಂಪ್ಯೂಟರು ಸಾಧಾರಣ ಫೋನಿನಷ್ಟೇ.

ತೊಂದರೆಯಿರುವುದೂ ಅಲ್ಲೇ. ಚುಕ್ಕೆಯ ಸಾಲು ಹತ್ತು ವರ್ಷ ಬಾಳಬಹುದು, ಅದರ ಜೊತೆ ಅಂಟಿಸಿರುವ ಕಂಪ್ಯೂಟರು ನಾಲ್ಕೇ ವರ್ಷಕ್ಕೆ ಮುದಿಯಾಗುತ್ತದೆ. 2016ರಲ್ಲಿ ಬಂದ 'ಬ್ರೈಲ್‌ನೋಟ್ ಟಚ್' ನೋಡಿ. ಗೂಗಲ್ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದಾದ ನೋಟ್‌ಟೇಕರ್ ಎಂದು ದೊಡ್ಡ ಸುದ್ದಿಯಾಯಿತು. ಆದರೆ ಅದರೊಳಗಿದ್ದದ್ದು 2013ರ ಆಂಡ್ರಾಯ್ಡ್ ಕಿಟ್‌ಕ್ಯಾಟ್. ಹಳೆ ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ನಿಂತುಹೋಗುವ ತಾಪತ್ರಯ ನಮಗೆಲ್ಲ ಗೊತ್ತು. ಎಂಟು ಸಾವಿರದ ಫೋನಾದರೆ ಬೇರೆ ತಗೊಳ್ಳುತ್ತೇವೆ. ನಾಲ್ಕು ಲಕ್ಷದ ಯಂತ್ರವನ್ನು ಏನು ಮಾಡುವುದು? ರಿಪೇರಿಯ ಮಾತೂ ಇದೆ. ಫೋನಿನ ಗಾಜು ಒಡೆದರೆ ಹಡಗಲಿಯ ಬಸ್ ಸ್ಟ್ಯಾಂಡ್ ಹತ್ತಿರವೇ ಹಾಕಿಕೊಡುತ್ತಾರೆ. ನೋಟ್‌ಟೇಕರಿನ ಒಂದು ಚುಕ್ಕೆ ಏಳದಿದ್ದರೆ ಪಾರ್ಸೆಲ್ ಮಾಡಿ ದೂರದ ಊರಿಗೆ ಕಳಿಸಬೇಕು, ಪರೀಕ್ಷೆ ಎದುರಿಗಿದ್ದರೂ ಕಾಯಬೇಕು.

ಈ ಎರಡನ್ನೂ ಬಿಡಿಸಿ ಇಟ್ಟರೆ? ಚುಕ್ಕೆಯ ಸಾಲನ್ನಷ್ಟೇ ಒಂದು ಪೆಟ್ಟಿಗೆಯಲ್ಲಿಟ್ಟು, ಬ್ಲೂಟೂತ್ ಮೂಲಕ ಯಾವುದೇ ಫೋನಿಗೋ ಲ್ಯಾಪ್‌ಟಾಪಿಗೋ ಜೋಡಿಸಿಕೊಳ್ಳುವುದು. ಇದಕ್ಕೆ ಬ್ರೈಲ್ ಡಿಸ್‌ಪ್ಲೇ ಎನ್ನುತ್ತಾರೆ. ಫೋನ್ ಹಳತಾದರೆ ಫೋನ್ ಮಾತ್ರ ಬದಲಿಸಿದರಾಯಿತು. ಹಲವು ದೇಶಗಳ ಅಂಧರ ಸಂಸ್ಥೆಗಳು ಸೇರಿ, ಬೆಲೆ ಇಳಿಸಲೆಂದೇ ಮಾಡಿಸಿದ 20 ಮನೆಯ 'ಆರ್ಬಿಟ್ ರೀಡರ್ 20' ಹೊರಬಂದಾಗ ಸುಮಾರು 500 ಡಾಲರಿಗೆ ಸಿಗುತ್ತಿತ್ತು. ಮೆಮೊರಿ ಕಾರ್ಡ್ ಹಾಕಿದರೆ ಫೋನಿಲ್ಲದೆಯೂ ಪುಸ್ತಕ ಓದಬಹುದು, ನೋಟ್ಸ್ ಬರೆಯಬಹುದು. 2019ರಲ್ಲಿ ದೆಹಲಿಯ ಐಐಟಿ ಮತ್ತು ಜೊತೆಗಾರ ಸಂಸ್ಥೆಗಳು 'ಡಾಟ್‌ಬುಕ್' ಬಿಡುಗಡೆ ಮಾಡಿದವು. ಬಿಸಿಯಾದರೆ ಹಳೆಯ ಆಕಾರಕ್ಕೆ ಮರಳುವ ವಿಶೇಷ ಲೋಹದ ತಂತಿಯಿಂದ ಚುಕ್ಕೆ ಎಬ್ಬಿಸುವ ವಿಧಾನ ಅದರದು. ಆಗಿನ ಬೆಲೆ 20 ಮನೆಯದಕ್ಕೆ 40 ಸಾವಿರ, 40 ಮನೆಯದಕ್ಕೆ 60 ಸಾವಿರ ರೂಪಾಯಿ. ನಾಲ್ಕು ಲಕ್ಷ ಎಲ್ಲಿ, ನಲವತ್ತು ಸಾವಿರ ಎಲ್ಲಿ!

'ಎನ್‌ವಿಡಿಎ' ಒಳಗೆ ಕನ್ನಡ ಬ್ರೈಲ್ ಪಟ್ಟಿಯೂ ಇದೆ. ಅಂದರೆ ಪರದೆಯ ಮೇಲೆ ಕನ್ನಡವಿದ್ದರೆ ಜೋಡಿಸಿದ ಡಿಸ್‌ಪ್ಲೇ ಮೇಲೂ ಕನ್ನಡದ ಚುಕ್ಕೆ ಮೂಡುತ್ತದೆ.

ಅಷ್ಟಕ್ಕೂ ಚುಕ್ಕೆಯೇ ಬೇಕಾ? ಕೇಳಿದರೆ ಸಾಲದೇ?

ಫಾರ್ವರ್ಡ್‌ನವರ ನಿಜವಾದ ವಾದ ಇದು, ಮತ್ತು ಇದನ್ನು ತಳ್ಳಿಹಾಕುವಂತಿಲ್ಲ. ಸ್ಕ್ರೀನ್ ರೀಡರ್ ರೂಢಿಯಾದವರು ನಮಗೆ ಒಂದು ಶಬ್ದವೂ ತಿಳಿಯದಷ್ಟು ವೇಗದಲ್ಲಿ ಕೇಳಿಸಿಕೊಳ್ಳುತ್ತಾರೆ. ಕಾದಂಬರಿ ಓದಲು, ಸುದ್ದಿ ತಿಳಿಯಲು, ಮೆಸೇಜು ನೋಡಲು ಕಿವಿ ಧಾರಾಳವಾಗಿ ಸಾಕು. ನಲವತ್ತು ಐವತ್ತರ ನಂತರ ದೃಷ್ಟಿ ಕಳೆದುಕೊಂಡವರಿಗೆ ಬೆರಳಿನಿಂದ ಓದುವುದು ಕಷ್ಟ, ಅದರಲ್ಲೂ ಸಕ್ಕರೆ ಕಾಯಿಲೆಯಿಂದ ಬೆರಳ ತುದಿಯ ಸ್ಪರ್ಶ ಮಂದವಾಗಿದ್ದರೆ ಇನ್ನೂ ಕಷ್ಟ. ಅಂಥವರಿಗೆ ಮಾತಾಡುವ ಫೋನೇ ಮೊದಲ ಸಾಧನ.

(ನಡುವೆ ಒಂದು ಮಾತು. ನಮ್ಮ ದೇಶದಲ್ಲಿ 50 ದಾಟಿದವರ ಅಂಧತ್ವಕ್ಕೆ ಮುಖ್ಯ ಕಾರಣ ಕಣ್ಣಿನ ಪೊರೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅದರ ಪಾಲು ಶೇ 66.2. ಪೊರೆಗೆ ಶಸ್ತ್ರಚಿಕಿತ್ಸೆ ಇದೆ. ಮನೆಯ ಹಿರಿಯರಿಗೆ ಯಂತ್ರ ಹುಡುಕುವ ಮುಂಚೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.)

ಈಗ ಕೊಟ್ಟೂರಿನ ಹುಡುಗಿಗೆ ಬರೋಣ. ಅವಳು ಇನ್ನೂ ಅಕ್ಷರ ಕಲಿಯುವ ವಯಸ್ಸಿನವಳು. ನಮ್ಮ ಮನೆಯ ಕಣ್ಣಿರುವ ಮಗುವಿಗೆ "ನೀನು ಓದಲು ಬರೆಯಲು ಕಲಿಯಬೇಡ, ರೇಡಿಯೊ ಹಚ್ಚಿಕೊಡುತ್ತೇನೆ, ಎಲ್ಲ ಅದರಲ್ಲೇ ಬರುತ್ತದೆ" ಎಂದು ಹೇಳುತ್ತೇವೆಯೇ?

ಕನ್ನಡ ಆಡಿದಂತೆ ಬರೆಯುವ ಭಾಷೆ, ಇಂಗ್ಲಿಷಿನ ಸ್ಪೆಲ್ಲಿಂಗ್ ಕಾಟ ಇಲ್ಲಿಲ್ಲ, ಕೇಳಿದರೆ ಬರೆಯಲು ತಾನಾಗಿ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ಪೂರ್ತಿ ನಿಜವಲ್ಲ. ಆಡುಮಾತಿನಲ್ಲಿ ನಮ್ಮಲ್ಲಿ ಬಹಳ ಮಂದಿಗೆ 'ಭ'ವೂ 'ಬ'ವೂ ಒಂದೇ, 'ಶ'ವೂ 'ಷ'ವೂ ಒಂದೇ. 'ಭಾಷೆ' ಎಂಬ ಪದವನ್ನು ಕಿವಿಯಿಂದಷ್ಟೇ ಬಲ್ಲ ಮಗು ಅದನ್ನು 'ಬಾಶೆ' ಎಂದು ಬರೆದರೆ ತಪ್ಪು ಮಗುವಿನದಲ್ಲ. ಬ್ರೈಲಿನಲ್ಲಿ ಓದಿದ ಮಗುವಿಗೆ ಈ ಗೊಂದಲ ಬರುವುದಿಲ್ಲ. 'ಬ' ಎಡಗಡೆಯ 1, 2. 'ಭ' ಬಲಗಡೆಯ 4, 5. 'ಲ' ಎಡಗಡೆಯ ಮೂರೂ ಚುಕ್ಕೆ, 'ಳ' ಬಲಗಡೆಯ ಮೂರೂ ಚುಕ್ಕೆ. ಬೆರಳು ಒಮ್ಮೆ ಮುಟ್ಟಿದರೆ ವ್ಯತ್ಯಾಸ ಮರೆಯುವಂಥದ್ದಲ್ಲ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಗೊರವಯ್ಯ ಬಿಲ್ಲನೇರಿ ನುಡಿಯುವ ಒಂದು ಸಾಲನ್ನೇ ತೆಗೆದುಕೊಳ್ಳಿ. ಅದರ ಹೆಸರನ್ನೇ ಒಬ್ಬರು 'ಕಾರಣಿಕ' ಎಂದು ಬರೆಯುತ್ತಾರೆ, ಇನ್ನೊಬ್ಬರು 'ಕಾರ್ಣಿಕ' ಎಂದು, ಮತ್ತೊಬ್ಬರು 'ಕಾರಣೀಕ' ಎಂದು. ಕಣ್ಣಿರುವವರು ಮೂರನ್ನೂ ಪೇಪರಿನಲ್ಲಿ ನೋಡಿ ವ್ಯತ್ಯಾಸ ತಿಳಿಯುತ್ತಾರೆ. ಫೋನು ಓದಿದ್ದನ್ನು ಮಾತ್ರ ಕೇಳುವವರಿಗೆ ಮೂರೂ ಹೆಚ್ಚು ಕಡಿಮೆ ಒಂದೇ ಸದ್ದು. ಫೋನಿಗೆ ಅಕ್ಷರ ಅಕ್ಷರವಾಗಿ ಓದು ಎಂದು ಹೇಳಬಹುದು ನಿಜ. ಆದರೆ ಎದುರಾಗುವ ಪ್ರತಿ ಪದವನ್ನೂ ಹಾಗೆ ಓದಿಸುವ ತಾಳ್ಮೆ ಯಾರಿಗಿದೆ?

ಗಣಿತದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಭಾಗಾಕಾರದ ಹಂತಗಳನ್ನೋ ಬೀಜಗಣಿತದ ಸಮೀಕರಣವನ್ನೋ ಒಬ್ಬರು ಓದಿ ಹೇಳುತ್ತ ಹೋದರೆ ಕಾಗದವಿಲ್ಲದೆ ಎಷ್ಟು ಹೊತ್ತು ತಲೆಯಲ್ಲಿ ಹಿಡಿದಿಡಬಹುದು, ಪ್ರಯತ್ನಿಸಿ ನೋಡಿ. ಹಿಂದಿನ ಸಾಲಿಗೆ ಬೆರಳು ಸರಿಸಿ ಮತ್ತೆ ಮುಟ್ಟಿ ನೋಡುವ ಸೌಲಭ್ಯ ಕಿವಿಗಿಲ್ಲ. ಅದಕ್ಕೇ ಅಂಧ ಮಕ್ಕಳ ಶಾಲೆಗಳಲ್ಲಿ ಇವತ್ತಿಗೂ ಟೇಲರ್ ಫ್ರೇಮ್, ಮಣಿಚೌಕಟ್ಟು ಬಳಸುತ್ತಾರೆ.

ಮಿದುಳಿನ ಲೆಕ್ಕದಲ್ಲೂ ಬೆರಳಿನ ಓದು ಓದೇ. ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡವರು ಬ್ರೈಲ್ ಓದುವಾಗ, ನಮ್ಮಲ್ಲಿ ನೋಟಕ್ಕೆ ಬಳಕೆಯಾಗುವ ಮಿದುಳಿನ ಹಿಂಭಾಗವೇ ಚುರುಕಾಗುತ್ತದೆ ಎಂದು 1996ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ವರ್ಷ ಅಮೆರಿಕದ ರೂಬಿ ರೈಲ್ಸ್ ಅವರು ಹುಟ್ಟಿನಿಂದ ದೃಷ್ಟಿದೋಷವಿದ್ದ 74 ವಯಸ್ಕರನ್ನು ಅಧ್ಯಯನ ಮಾಡಿದರು. ಬ್ರೈಲಿನಲ್ಲಿ ಓದು ಕಲಿತವರಲ್ಲಿ ಶೇ 44ರಷ್ಟು ನಿರುದ್ಯೋಗವಿದ್ದರೆ, ದೊಡ್ಡಕ್ಷರದ ಮುದ್ರಣದಲ್ಲಿ ಹೇಗೋ ಕಲಿತವರಲ್ಲಿ ಅದು ಶೇ 77. ಈ ಅಂಕಿಯನ್ನು "ಬ್ರೈಲ್ ಕಲಿತರೆ ಕೆಲಸ ಗ್ಯಾರಂಟಿ" ಎಂದು ಫಾರ್ವರ್ಡ್ ಮಾಡಬೇಡಿ. 74 ಜನ ಸಣ್ಣ ಸಂಖ್ಯೆ, ಮನೆಯವರ ಕಾಳಜಿ, ಒಳ್ಳೆಯ ಶಿಕ್ಷಕರು ಇವೂ ಲೆಕ್ಕಕ್ಕೆ ಬರುತ್ತವೆ. ಹಾಗೆಯೇ "ಅಂಧರಲ್ಲಿ ನೂರಕ್ಕೆ ಹತ್ತು ಜನ ಮಾತ್ರ ಬ್ರೈಲ್ ಓದುತ್ತಾರೆ, ಅಂದಮೇಲೆ ಅದು ಸತ್ತ ಲಿಪಿ" ಎಂಬ ಅಮೆರಿಕದ ಅಂಕಿಯನ್ನೂ ನಂಬಬೇಡಿ. ಅದಕ್ಕೆ ಗಟ್ಟಿ ಆಧಾರವಿಲ್ಲವೆಂದು ಅಲ್ಲಿನ ಸಂಶೋಧಕರೇ ಹೇಳಿದ್ದಾರೆ. ದೃಷ್ಟಿದೋಷವುಳ್ಳವರಲ್ಲಿ ಮುಪ್ಪಿನಲ್ಲಿ ಕಣ್ಣು ಮಂದವಾದವರೂ ಸ್ವಲ್ಪ ಕಾಣುವವರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರೆಲ್ಲ ಬ್ರೈಲ್ ಓದುವುದಿಲ್ಲ ಎನ್ನುವುದರಿಂದ ಮಗುವಿಗೆ ಬ್ರೈಲ್ ಬೇಡ ಎಂದಾಗುವುದಿಲ್ಲ.

ಕಣ್ಣು ಮತ್ತು ಕಿವಿ ಎರಡೂ ಇಲ್ಲದವರ ವಿಚಾರವಂತೂ ಬೇರೆಯೇ. ಅವರಿಗೆ ಮಾತಾಡುವ ಫೋನಿನಿಂದ ಏನೂ ಪ್ರಯೋಜನವಿಲ್ಲ. ಅವರು ವಾಟ್ಸಾಪ್ ನೋಡಬೇಕೆಂದರೆ ಬೆರಳ ಕೆಳಗಿನ ಚುಕ್ಕೆಯೊಂದೇ ದಾರಿ.

ಹಾಗಾದರೆ ಆ ಗುಂಪಿನವರು ಏನು ಕೊಡಿಸಬೇಕು?

ನಮ್ಮ ಅಭಿಪ್ರಾಯ ಹೇಳುತ್ತೇವೆ. ಈಗಲೇ ನಾಲ್ಕು ಲಕ್ಷದ ನೋಟ್‌ಟೇಕರ್ ಬೇಡ. ಈ ವಯಸ್ಸಿಗೆ ಬೇಕಾದ್ದು ಸ್ಲೇಟು, ಸ್ಟೈಲಸ್, ದಪ್ಪ ಕಾಗದದ ಕಟ್ಟು, ಟೇಲರ್ ಫ್ರೇಮ್, ಮತ್ತು ವಾರಕ್ಕೆ ಎರಡು ಮೂರು ದಿನವಾದರೂ ಪಕ್ಕದಲ್ಲಿ ಕೂತು ಬ್ರೈಲ್ ಕಲಿಸುವ ಒಬ್ಬರು. ಸಾಮಾನು ಕೆಲವೇ ಸಾವಿರದಲ್ಲಿ ಮುಗಿಯುತ್ತದೆ. ಕಷ್ಟವಿರುವುದು ಕಲಿಸುವವರನ್ನು ಹುಡುಕುವುದರಲ್ಲಿ. ಕೂಡಿಸಿದ ದುಡ್ಡಿನಲ್ಲಿ ಒಂದು ಪಾಲು ಅವರ ಓಡಾಟದ ಖರ್ಚಿಗೆ ಹೋದರೆ ಯಾವ ಯಂತ್ರಕ್ಕಿಂತಲೂ ಸಾರ್ಥಕ. ಯಂತ್ರದ ಜೊತೆ ಫೋಟೊ ತೆಗೆಸಿಕೊಳ್ಳಬಹುದು, ಬಸ್ ಚಾರ್ಜಿನ ಜೊತೆ ಆಗುವುದಿಲ್ಲ. ದಾನಿಗಳು ಯಂತ್ರವನ್ನೇ ಇಷ್ಟಪಡುವುದಕ್ಕೆ ಅದೂ ಒಂದು ಕಾರಣವಿರಬಹುದು.

ಹುಡುಗಿ ಬೆರಳಿನಿಂದ ಸಲೀಸಾಗಿ ಓದುವಂತಾದ ಮೇಲೆ, ಏಳನೇ ಎಂಟನೇ ತರಗತಿಯ ಹೊತ್ತಿಗೆ, 'ಎನ್‌ವಿಡಿಎ' ಹಾಕಿದ ಒಂದು ಸಾಧಾರಣ ಲ್ಯಾಪ್‌ಟಾಪ್ ಮತ್ತು 20 ಮನೆಯ ಅಗ್ಗದ ಬ್ರೈಲ್ ಡಿಸ್‌ಪ್ಲೇ. ಕೇಳುವುದನ್ನು ಕಿವಿಯಿಂದ ಕೇಳಲಿ, ಕಾಗುಣಿತ ನೋಡಬೇಕಾದಾಗ, ಗಣಿತ ಮಾಡುವಾಗ, ತಾನು ಬರೆದದ್ದನ್ನು ತಿದ್ದುವಾಗ ಚುಕ್ಕೆ ಮುಟ್ಟಲಿ. ಈ ಜೋಡಿ ನೋಟ್‌ಟೇಕರಿನ ನಾಲ್ಕನೇ ಒಂದು ಭಾಗದ ದುಡ್ಡಿಗೆ ಬರುತ್ತದೆ. ಕ್ಲಾಸಿನ ಉಳಿದ ಮಕ್ಕಳು ಬಳಸುವ ವರ್ಡ್, ಎಕ್ಸೆಲ್ಲನ್ನೇ ಅವಳೂ ಕಲಿಯುತ್ತಾಳೆ, ನಾಳೆ ಕಚೇರಿಯಲ್ಲೂ ಅದೇ ಇರುತ್ತದೆ.

ನೋಟ್‌ಟೇಕರ್ ಯಾರಿಗೂ ಬೇಡವೆಂದಲ್ಲ. ಗುಂಡಿ ಒತ್ತಿದ ತಕ್ಷಣ ಎಚ್ಚರಾಗುತ್ತದೆ, ಬ್ರೈಲ್ ಬಲ್ಲವರು ಕಲಿಯಲು ಹೊಸದೇನೂ ಇಲ್ಲ, ಕ್ಲಾಸಿನಲ್ಲಿ ಇಯರ್‌ಫೋನ್ ಹಾಕಿಕೊಂಡರೆ ಮೇಷ್ಟ್ರ ಪಾಠ ತಪ್ಪುತ್ತದೆಂಬ ಕಷ್ಟವಿಲ್ಲ, ಗೇಮು ರೀಲ್ಸುಗಳ ಕಾಟವಿಲ್ಲ. ವೇದಿಕೆಯಲ್ಲಿ ನಿಂತು ಟಿಪ್ಪಣಿ ನೋಡಿ ಮಾತಾಡುವ ಉಪನ್ಯಾಸಕರಿಗೆ, ದಿನವಿಡೀ ಬರೆಯುವ ಕೆಲಸದವರಿಗೆ ಅದು ಹೇಳಿ ಮಾಡಿಸಿದಂತಿದೆ. ದುಡಿಯುವ ಕಾಲಕ್ಕೆ, ತನಗೆ ಬೇಕೆನಿಸಿದರೆ, ಆ ಹುಡುಗಿಯೇ ಕೊಳ್ಳಲಿ.

ಇಲ್ಲಿ ಯಾರನ್ನು ಕೇಳಬೇಕು?

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 2.64 ಲಕ್ಷ. ಸರ್ಕಾರದ ಯೋಜನೆಗಳಿವೆ, ಸುದ್ದಿ ಮುಟ್ಟುವುದು ಕಡಿಮೆ. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದುವ ಅಂಧ ವಿದ್ಯಾರ್ಥಿಗಳಿಗೆ ವಿಕಲಚೇತನರ ಇಲಾಖೆ 'ಟಾಕಿಂಗ್ ಲ್ಯಾಪ್‌ಟಾಪ್' ಕೊಡುತ್ತದೆ, ಬ್ರೈಲ್ ಕಿಟ್ ಯೋಜನೆಯೂ ಇದೆ. ಕೇಂದ್ರದ 'ಅಡಿಪ್' ಯೋಜನೆಯಲ್ಲೂ ಸಾಧನ ಸಲಕರಣೆ ಸಿಗುತ್ತವೆ. ಇವಕ್ಕೆಲ್ಲ ಯುಡಿಐಡಿ ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿಯ ಕೆಲಸ ಅವರಿಗೆ ಗೊತ್ತು. ಜಿಲ್ಲಾ ಕಚೇರಿ ಈಗ ಹೊಸಪೇಟೆಯಲ್ಲಿ. ಹರಪನಹಳ್ಳಿಯವರು ಹಳೇ ನೆನಪಿನಲ್ಲಿ ದಾವಣಗೆರೆಗೂ, ಉಳಿದವರು ಬಳ್ಳಾರಿಗೂ ಅಲೆಯಬೇಕಿಲ್ಲ.

ಶಾಲೆಯ ವಿಚಾರಕ್ಕೆ ಬಿಇಒ ಕಚೇರಿಯ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಅವರನ್ನು 'ಬಿಐಇಆರ್‌ಟಿ' ಎಂದು ಕರೆಯುತ್ತಾರೆ. ಮೈಸೂರಿನ ತಿಲಕ್ ನಗರದಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ. ಅಲ್ಲಿ ಅಂಧ ಮಕ್ಕಳ ಶಾಲೆ ಆರಂಭವಾದದ್ದು 1901ರಷ್ಟು ಹಿಂದೆ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ 1990ರಿಂದ ಧ್ವನಿಪುಸ್ತಕ, ಬ್ರೈಲ್ ಪುಸ್ತಕಗಳ ಕೆಲಸ ಮಾಡುತ್ತಿದೆ. 2016ರಲ್ಲಿ ಶುರುವಾದ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯವೂ ಇದೆ. ಪುಸ್ತಕವನ್ನು ಅಂಧರಿಗಾಗಿ ಬ್ರೈಲಿಗೋ ಧ್ವನಿಗೋ ಬದಲಿಸಲು ಪ್ರಕಾಶಕರ ಅನುಮತಿ ಬೇಕಿಲ್ಲ, 2012ರ ಕೃತಿಸ್ವಾಮ್ಯ ತಿದ್ದುಪಡಿಯೇ ಆ ಅವಕಾಶ ಕೊಟ್ಟಿದೆ.

ಪರೀಕ್ಷೆಯ ಬಗ್ಗೆಯೂ ತಿಳಿದಿರಲಿ. ಅಂಧ ವಿದ್ಯಾರ್ಥಿ ಅಂದರೆ ಪಕ್ಕದಲ್ಲಿ ಕೂತು ಬರೆಯುವ ಇನ್ನೊಬ್ಬ ಹುಡುಗ ಬೇಕೇ ಬೇಕು ಎಂಬ ಭಾವನೆ ಇದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯೇ ಬ್ರೈಲಿನಲ್ಲಿ, ಕಂಪ್ಯೂಟರಿನಲ್ಲಿ ಉತ್ತರ ಬರೆಯುವ ಆಯ್ಕೆಯನ್ನೂ ಹೇಳಿತ್ತು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವನ್ನೂ ಕೊಟ್ಟಿತ್ತು. ಆದರೆ ಕಂಪ್ಯೂಟರಿನಲ್ಲಿ ಬರೆಯಲು ಕಾಗುಣಿತ ಬರಬೇಕಲ್ಲ? ಅಕ್ಷರ ಕಲಿಯದೆ ಕೇಳಿಯೇ ಬೆಳೆದ ಮಗು ಹತ್ತನೇ ತರಗತಿಯಲ್ಲೂ ಇನ್ನೊಬ್ಬರ ಕೈಯನ್ನೇ ನಂಬಬೇಕಾಗುತ್ತದೆ.

ಲ್ಯಾಪ್‌ಟಾಪ್ ಬಂದರೂ ಓದಲಾಗದ ಕನ್ನಡ

ಕೊನೆಯದಾಗಿ, ಯಂತ್ರ ಯಾವುದೇ ಇರಲಿ, ಅದನ್ನು ಮೂಕ ಮಾಡುತ್ತಿರುವವರಲ್ಲಿ ನಾವೂ ನೀವೂ ಇದ್ದೇವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ 'ಕನ್ನಡ' ಎಂಬ ಪದ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಒಳಗೆ ಇಂಗ್ಲಿಷಿನ ಪಿ, ಕ್ಯೂ, ನಡುವೆ ಪೌಂಡ್ ನಾಣ್ಯದ ಚಿಹ್ನೆ, ಹೀಗೆ ಕೂತಿರುತ್ತದೆ. ಸ್ಕ್ರೀನ್ ರೀಡರ್ ಅದನ್ನೇ ಗಂಭೀರವಾಗಿ ಓದುತ್ತದೆ, ಬ್ರೈಲ್ ಡಿಸ್‌ಪ್ಲೇ ಅದನ್ನೇ ಮೂಡಿಸುತ್ತದೆ. ಕೇಳುವವರಿಗೆ ಹುಚ್ಚು ಹಿಡಿಯಬೇಕು. ಯೂನಿಕೋಡಿನಲ್ಲಿ ಟೈಪ್ ಮಾಡಿದರೆ ಈ ತೊಂದರೆ ಇಲ್ಲ. ಶಾಲೆಯ ಸುತ್ತೋಲೆ, ನೋಟ್ಸು, ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಶಿಕ್ಷಕರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ.

ಇನ್ನು ಕಾಗದದ ಫೋಟೊ ತೆಗೆದು ಪಿಡಿಎಫ್ ಮಾಡುವುದು, ಗುಲಾಬಿ ಹೂವಿನ ಮೇಲೆ ಅಕ್ಷರ ಕೂರಿಸಿ ಕಳಿಸುವುದು. ಸ್ಕ್ರೀನ್ ರೀಡರಿಗೆ ಅದು ಬರೀ 'ಚಿತ್ರ'. ಚಿತ್ರದಲ್ಲಿರುವ ಕನ್ನಡವನ್ನು ಅಕ್ಷರವಾಗಿ ಪರಿವರ್ತಿಸುವ ತಂತ್ರಾಂಶಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ 'ಲಿಪಿ ಜ್ಞಾನಿ' ಅಂಥದ್ದು, ಗೂಗಲ್ ಲೆನ್ಸ್ ಕೂಡ ಒಂದಿಷ್ಟು ಓದುತ್ತದೆ. ಹೂವು, ದೀಪ, ಬಣ್ಣದ ನಡುವೆ ಅವೂ ತಡವರಿಸುತ್ತವೆ.

ಈ ಬರಹವನ್ನು ಗುಂಪಿಗೆ ಕಳಿಸುವುದಾದರೆ ಸ್ಕ್ರೀನ್‌ಶಾಟ್ ಬೇಡ. ಕೊಂಡಿ ಕಳಿಸಿ, ಅಥವಾ ಅಕ್ಷರವನ್ನೇ ಕಾಪಿ ಮಾಡಿ ಅಂಟಿಸಿ. ನಿಮ್ಮ ಗುಂಪಿನಲ್ಲೂ ಟಾಕ್‌ಬ್ಯಾಕ್ ಹಾಕಿಕೊಂಡವರು ಒಬ್ಬರು ಇರಬಹುದು.